ಸರೋಜಕ್ಕನ ಕಣ್ಣು, ಬಚ್ಚ ಮಾವನ ಲೆನ್ಸು

ಸರೋಜಕ್ಕನ ಆಧಾರ್ ಕಾರ್ಡಿನಲ್ಲಿ ಕಣ್ಣು ಅರ್ಧ ಮುಚ್ಚಿದೆ. ವೋಟರ್ ಕಾರ್ಡಿನಲ್ಲಿ ಪೂರ್ತಿ ಮುಚ್ಚಿದೆ. ಬ್ಯಾಂಕಿನ ಪಾಸ್‌ಬುಕ್ಕಿನಲ್ಲಿ ಮಾತ್ರ ತೆರೆದಿದೆ, ಆದರೆ ತೆರೆದಿರುವ ಪರಿಗೆ ಕೌಂಟರಿನ ಹುಡುಗಿ ಎರಡು ಸಲ ತಲೆಯೆತ್ತಿ "ಇದು ನೀವೇನಾ?" ಎಂದು ಕೇಳಿದ್ದಳಂತೆ. ಮಗನ ಮದುವೆಯ ಆಲ್ಬಮ್ಮಿನಲ್ಲಂತೂ ಧಾರೆ ಎರೆಯುವಾಗಿನಿಂದ ಊಟದ ಪಂಕ್ತಿಯವರೆಗೆ ಮದುಮಗನ ತಾಯಿ ನಿದ್ದೆಯಲ್ಲೇ ಓಡಾಡಿದ ಹಾಗಿದೆ.

ಇದು ನಂಬುವ ಮಾತಲ್ಲ, ಯಾಕೆಂದರೆ ಕುಂದಾಪುರದ ಮೀನು ಮಾರ್ಕೆಟ್ಟಿನಲ್ಲಿ ಸರೋಜಕ್ಕನ ಕಣ್ಣಿಗೆ ಇರುವ ಹೆಸರೇ ಬೇರೆ. ನೀವು ಆಚೆ ಸಾಲಿನಲ್ಲಿ ಕಾಣೆ ಮೀನು ತಗೊಂಡು, ಚೀಲ ಬೆನ್ನ ಹಿಂದೆ ಹಿಡಿದು, ಬಂಗುಡೆ ನೋಡುವವರಂತೆ ಅವರ ಬುಟ್ಟಿಯ ಮುಂದೆ ನಿಂತರೆ ಮುಗಿಯಿತು. "ಕಾಣೆ ಅಲ್ಲಿ ತಕಂಡ್ರ್, ಬಂಗುಡಿ ಇಲ್ ಕಾಂಬುಕ್ ಬಂದ್ರ್. ನಿಮ್ಮನಿಯಂಗ್ ಎರಡ್ ಒಲಿ ಹಚ್ಚುದಾ?" ಎಂದು ಇಡೀ ಮಾರ್ಕೆಟ್ಟಿಗೆ ಕೇಳುವ ಹಾಗೆ ಹೇಳುತ್ತಾರೆ. ಅಂಥ ಕಣ್ಣು, ಕ್ಯಾಮೆರಾ ಎತ್ತಿದ ಕೂಡಲೇ ಮುಚ್ಚಿಕೊಳ್ಳುತ್ತದೆ.

ನನ್ನದು ಬಸ್‌ಸ್ಟ್ಯಾಂಡಿನ ಹತ್ತಿರ ಒಂದು ಸಣ್ಣ ಅಂಗಡಿ. ಝೆರಾಕ್ಸ್, ಲ್ಯಾಮಿನೇಶನ್, ಹತ್ತು ನಿಮಿಷದಲ್ಲಿ ಪಾಸ್‌ಪೋರ್ಟ್ ಫೋಟೋ. ಹಿಂದಿನ ಕಾರ್ತಿಕದಲ್ಲಿ ಒಂದು ದಿನ, ಮಧ್ಯಾಹ್ನದ ಊಟಕ್ಕೆ ಬಾಗಿಲು ಎಳೆಯಬೇಕು ಎನ್ನುವಾಗ ಸರೋಜಕ್ಕ ಬಂದು ಕೌಂಟರಿಗೆ ಕೈ ಊರಿದರು.

"ರಾಜಣ್ಣ, ನಂಗೊಂದ್ ಫೋಟೊ ಬೇಕ್ ಕಾಣಿ. ಕಣ್ ಬಿಟ್ಟದ್ದ್."

"ನಾವ್ ಎಲ್ಲರ್ದೂ ಕಣ್ ಬಿಟ್ಟದ್ದೇ ತೆಗುದ್ ಸರೋಜಕ್ಕ."

"ಹೌದಾ? ಹಾಂಗಾರೆ ಇದ್ ಯಾರ್ ತೆಗ್ದದ್ದ್?"

ಸೆರಗಿನ ಗಂಟು ಬಿಚ್ಚಿ ಒಂದು ಪಾಸ್‌ಪೋರ್ಟ್ ಫೋಟೋ ಮೇಜಿನ ಮೇಲಿಟ್ಟರು. ಕಣ್ಣು ಮುಚ್ಚಿತ್ತು. ತಿರುಗಿಸಿ ನೋಡಿದರೆ ಹಿಂದೆ ನನ್ನದೇ ಅಂಗಡಿಯ ಸೀಲು. ನಾನು ಕುರ್ಚಿ ಎಳೆದು ಕೊಟ್ಟೆ.

ವಿಷಯ ಹೀಗಿತ್ತು. ಮೂವತ್ತು ವರ್ಷದ ಹಿಂದೆ, ರಸ್ತೆ ಬದಿಯ ಬಿಸಿಲಿನಲ್ಲಿ ಕೂತು ಮೀನು ಮಾರುತ್ತಿದ್ದ ಒಂಬತ್ತು ಹೆಂಗಸರು ಸೇರಿ ಒಂದು ಸಂಘ ಮಾಡಿಕೊಂಡಿದ್ದರು. ಆ ಸಂಘಕ್ಕೆ ಈಗ ಕಡಲ ಬದಿಯ ಕೋಡಿಯಲ್ಲಿ ಸ್ವಂತ ಕಟ್ಟಡವಾಗಿದೆ, ಐಸು ಇಡುವ ಕೋಣೆಯಾಗಿದೆ. ಮುಂದಿನ ತಿಂಗಳ ಎರಡನೇ ಭಾನುವಾರ ಪ್ರವೇಶ. ಎದುರಿನ ಗೋಡೆಯ ಮೇಲೆ ಆ ಒಂಬತ್ತು ಹೆಂಗಸರ ಫೋಟೋ ಹಾಕುತ್ತಾರೆ. ಒಂಬತ್ತರಲ್ಲಿ ಮೂವರು ತೀರಿಕೊಂಡಿದ್ದಾರೆ. ಅವರ ಮನೆಯವರು ಹಳೆಯ ಫೋಟೋ ಹುಡುಕಿ ಕೊಟ್ಟಾಗಿದೆ. ಉಳಿದ ಐವರದ್ದೂ ಬಂದಿದೆ. ಬಾಕಿ ಇರುವುದು ಸರೋಜಕ್ಕನದ್ದು ಮಾತ್ರ.

"ಸತ್ತ ಮೂರ್ ಜನವೂ ಗೋಡಿ ಮೇಲೆ ಕಣ್ ಬಿಟ್ಕಂಡ್ ಇರ್ತ್ರ್. ಬದ್ಕಿಪ್ಪ ನಾನ್ ಕಣ್ ಮುಚ್ಕಂಡ್ ಇರ್ಕಾ? ನೀವೇ ಹೇಳಿ, ಬಂದ್ ಜನ ಯಾರಿಗ್ ಹೂ ಹಾಕುದ್?"

ನನಗೆ ನಗು ಬಂತು. ಅವರಿಗೆ ಬರಲಿಲ್ಲ. ಆ ಕಟ್ಟಡದ ಜಾಗಕ್ಕಾಗಿ ತಾಲೂಕು ಕಚೇರಿಗೆ ಅಲೆದವರು, ಮಾರ್ಕೆಟ್ಟಿಗೆ ರಜೆ ಹಾಕಿ ಮೆಟ್ಟಿಲ ಮೇಲೆ ಕೂತವರು ಇದೇ ಹೆಂಗಸು. ಮನೆಯಲ್ಲಿ ಮೊಮ್ಮಗಳು ಪೂಜಿತಾ ಮೊಬೈಲಿನಲ್ಲಿ ಪ್ರಯತ್ನಿಸಿ ಸೋತಿದ್ದಳು. ಹತ್ತಿರ ಹೋದರೆ ಅಜ್ಜಿಯ ಮೂಗು ಗೇರುಹಣ್ಣಿನಷ್ಟಾಗುತ್ತದೆ, ದೂರ ನಿಂತರೆ ಅಜ್ಜಿಯೇ ಕಾಣುವುದಿಲ್ಲ, ಎಲ್ಲಿ ನಿಂತರೂ ಕಣ್ಣು ಮುಚ್ಚುತ್ತದೆ ಎಂದು ಅವಳ ವರದಿ. ಕಾಣದ ಹಾಗೆ ವಿಡಿಯೋ ಮಾಡಿ ಅದರಿಂದ ತೆಗೆಯುತ್ತೇನೆ ಎಂದವಳಿಗೆ ಅಜ್ಜಿ ಬೈದಿದ್ದರು.

"ಕದ್ದ್ ತೆಗ್ದದ್ದ್ ನಂಗ್ ಬ್ಯಾಡ ರಾಜಣ್ಣ. ನಾನ್ ಕೂತಿರ್ಕ್, ತೆಗಿತಿದ್ರ್ ಅಂದ್ ನಂಗ್ ಗೊತ್ತಿರ್ಕ್, ಕಣ್ ಬಿಟ್ಟಿರ್ಕ್. ಇಷ್ಟೇ."

ಇಷ್ಟೇ ಎಂದು ಎದ್ದು ಹೋದರು. ಹೋಗುವಾಗ ಎರಡು ಬಂಗುಡೆ ಇದ್ದ ಕಟ್ಟನ್ನು ಝೆರಾಕ್ಸ್ ಮೆಷಿನ್ನಿನ ಮೇಲೆ ಇಟ್ಟಿದ್ದರು.

ನಾನು ಬಾರ್ಕೂರಿಗೆ ಫೋನು ಮಾಡಿದೆ. ಅಲ್ಲಿ ನನ್ನ ಸೋದರಮಾವ ಬಚ್ಚ ಮಾವ ಇದ್ದಾರೆ. ಎಂಬತ್ತೊಂದು ವರ್ಷ. ಮುಂಬಯಿಯ ಕೋಟೆ ಪ್ರದೇಶದಲ್ಲಿ ಒಂದು ಆಫೀಸಿನ ಕ್ಯಾಂಟೀನು ನೋಡಿಕೊಂಡಿದ್ದವರು. ಅಲ್ಲಿನ ಹಳೆ ಸಾಮಾನಿನ ಬಜಾರಿನಲ್ಲಿ ಒಂದು ರಷ್ಯಾದ ರೋಲ್ ಕ್ಯಾಮೆರಾ, ಅದಕ್ಕೆ ಎರಡು ಲೆನ್ಸು ಕೊಂಡು, ರಜೆ ಇದ್ದ ದಿನವೆಲ್ಲ ಜನರ ಮುಖ ತೆಗೆದುಕೊಂಡು ತಿರುಗಿದವರು. ಊರಿಗೆ ಬಂದ ಮೇಲೆ, ಕೈ ನಡುಗುತ್ತದೆ ಎಂದು ಅದನ್ನೆಲ್ಲ ನನಗೆ ಕೊಟ್ಟರು. ಕೊಟ್ಟರೂ ಬಿಟ್ಟಿಲ್ಲ. ನಾನು ಫೋನು ಮಾಡಿದರೆ ಹಲೋ ಇಲ್ಲ, ಊಟ ಆಯ್ತಾ ಇಲ್ಲ. ಮೊದಲ ಮಾತು ಒಂದೇ.

"ಮುಚ್ಚಳ ತೆಗ್ದ್ಯಾ?"

ಲೆನ್ಸಿನ ಮುಚ್ಚಳ. ಇದು ಬೇರೆ ಕ್ಯಾಮೆರಾದವರಿಗೆ ಅರ್ಥವಾಗದ ಮಾತು, ಹೇಳುತ್ತೇನೆ. ಈ ಜಾತಿಯ ಹಳೆ ಕ್ಯಾಮೆರಾಕ್ಕೆ ರೇಂಜ್‌ಫೈಂಡರ್ ಎಂದು ಹೆಸರು. ಇದರಲ್ಲಿ ನಾವು ಲೆನ್ಸಿನ ಮೂಲಕ ನೋಡುವುದಿಲ್ಲ. ಪಕ್ಕದಲ್ಲಿ ಒಂದು ಗಾಜಿನ ಕಿಟಕಿ ಇದೆ, ಅದರಲ್ಲಿ ಇಣುಕಬೇಕು. ಕಿಟಕಿಯ ನಡುವೆ ಒಂದು ಹಳದಿ ಚುಕ್ಕೆ. ಆ ಚುಕ್ಕೆಯಲ್ಲಿ ಎದುರಿನವರು ಇಬ್ಬಿಬ್ಬರಾಗಿ ಕಾಣುತ್ತಾರೆ. ಲೆನ್ಸಿನ ಬಳೆ ತಿರುಗಿಸುತ್ತಾ ಹೋದರೆ ಇಬ್ಬರೂ ಹತ್ತಿರ ಸರಿದು ಒಬ್ಬರಾಗುತ್ತಾರೆ. ಅಲ್ಲಿಗೆ ಫೋಕಸ್ ಆಯಿತು. ಬಲು ಚಂದದ ಏರ್ಪಾಡು. ಆದರೆ ಲೆನ್ಸಿಗೆ ಮುಚ್ಚಳ ಹಾಕಿಯೇ ಇದ್ದರೂ ಕಿಟಕಿಯಲ್ಲಿ ಲೋಕವೆಲ್ಲ ಬೆಳಕಾಗಿ ಕಾಣುತ್ತದೆ. ನಾವು ಖುಷಿಯಾಗಿ ಒತ್ತುತ್ತೇವೆ, ಒಳಗೆ ಕಪ್ಪು ಕತ್ತಲೆ.

"ಕ್ಯಾಮ್ರ ಕಾಂಬ್ದೇ ಬೇರೆ, ನೀ ಕಾಂಬ್ದೇ ಬೇರೆ ರಾಜ. ನೀನ್ ಪಕ್ಕದ್ಮನಿ ಕಿಟ್ಕಿಯಂಗ್ ನಿಂತ್ ಹಣ್ಕಿ ಕಾಂಬವ," ಎಂದು ಮಾವ ಕೊಡುವ ದಿನವೇ ಹೇಳಿದ್ದರು.

ಸರೋಜಕ್ಕನ ವಿಷಯ ಹೇಳಿದೆ. ಮಾವ ಕಣ್ಣಿನ ಸುದ್ದಿಗೆ ಬರಲೇ ಇಲ್ಲ, ಮೂಗನ್ನು ಹಿಡಿದುಕೊಂಡರು.

"ಮೂಗ್ ದೊಡ್ಡದಾತ್ತ್ ಅಂದ್ರೆ ಹತ್ರ ಹೋಯ್ ತೆಗ್ದದ್ದ್. ಹಿಂದ್ ಸರಿ. ಎಂಬತ್ತೈದ್ ಹಾಕ್, ಎಂಟ್ ಅಡಿ ಆಚಿಗ್ ನಿಲ್. ಮೂಗ್ ಮೂಗಿನ್ ಜಾಗ್ದಲ್ಲೇ ಕೂಕಂತ್. ಫ್ಲ್ಯಾಶ್ ಗೀಶ್ ಬ್ಯಾಡ. ಐವತ್ತರ ಲೆನ್ಸಂಗ್ ಊರ್ ಬತ್ತ್, ಎಂಬತ್ತೈದ್ರಂಗ್ ಮನ್ಷ ಬತ್ತ."

ಎಂಬತ್ತೈದು ಎಂದರೆ ಆ ಎರಡನೇ ಲೆನ್ಸು, ಎಂಬತ್ತೈದು ಎಂ.ಎಂ.ನದು. ಗಿಡ್ಡ, ದಪ್ಪ, ಕೈಯಲ್ಲಿ ಹಿಡಿದರೆ ಸಣ್ಣ ಎಳನೀರಿನಷ್ಟು ಭಾರ. ಅದು ದೂರದ ಮುಖವನ್ನು ಸ್ವಲ್ಪ ಹತ್ತಿರ ತರುತ್ತದೆ, ಅತಿಯಾಗಿ ಅಲ್ಲ. ಅದರ ಇನ್ನೊಂದು ಕಿರಿಕಿರಿ ಏನೆಂದರೆ, ಕ್ಯಾಮೆರಾದ ಸ್ವಂತ ಕಿಟಕಿ ಐವತ್ತರ ಲೆನ್ಸಿಗೆ ಮಾಡಿದ್ದು. ಎಂಬತ್ತೈದು ಹಾಕಿದರೂ ಆ ಕಿಟಕಿ ಐವತ್ತರ ಅಗಲವನ್ನೇ ತೋರಿಸುತ್ತದೆ. ಅದಕ್ಕಾಗಿ ಕ್ಯಾಮೆರಾದ ತಲೆಯ ಮೇಲೆ ಇನ್ನೊಂದು ಪುಟ್ಟ ಕಿಟಕಿ ಸಿಕ್ಕಿಸಬೇಕು. ಕೆಳಗಿನ ಕಿಟಕಿಯಲ್ಲಿ ಫೋಕಸ್ ಮಾಡು, ಮೇಲಿನ ಕಿಟಕಿಯಲ್ಲಿ ಎಷ್ಟು ಬರುತ್ತದೆ ನೋಡು, ಆಮೇಲೆ ಒತ್ತು. ಅಷ್ಟರಲ್ಲಿ ಎದುರಿನ ಮನುಷ್ಯ ಒಂದು ಬೀಡಿ ಸೇದಿ ಮುಗಿಸಬಹುದು.

ಮೊದಲ ರೋಲನ್ನು ಮಾರ್ಕೆಟ್ಟಿನಲ್ಲೇ ತೆಗೆದೆ. ಬೆಳಿಗ್ಗೆ ಒಂಬತ್ತರ ಹೊತ್ತು, ಶೀಟಿನ ಮಾಡಿನಿಂದ ಇಳಿದ ಮೆತ್ತನೆ ಬೆಳಕು. ಸರೋಜಕ್ಕ ಬುಟ್ಟಿಯ ಹಿಂದೆ ಕೂತರು. ನಾನು ಎಂಟು ಅಡಿ ಅಳೆದು ನಿಂತೆ. ಕೆಳಗಿನ ಕಿಟಕಿಯಲ್ಲಿ ಅವರ ಎರಡು ಮೂಗುತಿಗಳನ್ನು ಒಂದು ಮಾಡಿ, ಮೇಲಿನ ಕಿಟಕಿಗೆ ಕಣ್ಣು ಏರಿಸಿ, ಒತ್ತಿದೆ.

"ಮುಚ್ದೆ," ಎಂದರು ಅವರೇ.

ಒಂದು ಎರಡು ಮೂರು ಎಂದು ಎಣಿಸಿದೆ. ಎರಡಕ್ಕೇ ಮುಚ್ಚಿದರು. ಎಣಿಸದೆ ಒತ್ತಿದೆ. ನನ್ನ ಬೆರಳು ಅಲ್ಲಾಡಿದ್ದು ಅವರಿಗೆ ಕಂಡಿತು. ಮೊದಲೇ ಹೇಳಿದೆನಲ್ಲ, ಅಂಥ ಕಣ್ಣು. ಪಕ್ಕದ ಸಾಲಿನವರೆಲ್ಲ ಸಲಹೆ ಕೊಡುವುದಕ್ಕೆ ನಿಂತರು. ಒಬ್ಬಳು "ಗಂಡ ಬೈದದ್ದ್ ನೆನ್ಪ್ ಮಾಡ್ಕಣಿ" ಎಂದಳು. ಸರೋಜಕ್ಕ "ಅವ್ರ್ ಬೈದದ್ದೇ ಇಲ್ಲೆ, ನಾನ್ ಎಲ್ ಬಿಟ್ಟಿದ್ದೆ?" ಎಂದರು. ಆ ಒಂದು ಗಳಿಗೆ ಮುಖ ಎಷ್ಟು ಚಂದ ಅರಳಿತ್ತೆಂದರೆ, ನಾನು ಲೆನ್ಸಿನ ಬಳೆ ತಿರುಗಿಸಿ ಇಬ್ಬರನ್ನು ಒಬ್ಬರು ಮಾಡುವಷ್ಟರಲ್ಲಿ ಬಾಡಿತ್ತು.

ರೋಲನ್ನು ನನ್ನ ಅಂಗಡಿಯ ಹಿಂದಿನ ಬಚ್ಚಲಲ್ಲೇ ತೊಳೆದೆ. ಮೂವತ್ತಾರು ಸರೋಜಕ್ಕಂದಿರು. ಮೂವತ್ತಾರಕ್ಕೂ ಕಣ್ಣು ಮುಚ್ಚಿದೆ. ರೆಪ್ಪೆಯ ಒಂದೊಂದು ಕೂದಲೂ ಸ್ಪಷ್ಟ. ಎರಡು ಮೂರನ್ನು ಮಾವನ ಮೊಬೈಲಿಗೆ ಕಳಿಸಿದೆ. ಕೂಡಲೇ ಫೋನು ಬಂತು.

"ಮುಚ್ಚಳ ತೆಗ್ದಿದ್ಯಲ! ಫೋಕಸ್ ಬಾಳ ಲಾಯ್ಕಿತ್ತ್ ರಾಜ!"

"ಕಣ್ ಮುಚ್ಚಿತ್ತಲ ಮಾವ."

"ಅದ್ ಅವ್ಳ್ ತಪ್ಪ್. ನಿನ್ನದ್ದಲ್ಲ."

ನನ್ನ ಹೆಂಡತಿ ಸೌಮ್ಯಶ್ರೀ ಒಣಗಲು ತೂಗಿಹಾಕಿದ ರೋಲನ್ನು ಬೆಳಕಿಗೆ ಹಿಡಿದು ಆ ತುದಿಯಿಂದ ಈ ತುದಿಯವರೆಗೆ ನೋಡಿದಳು. "ಇಷ್ಟೂ ಒಂದೇ ಫೋಟೊವಾ? ಝೆರಾಕ್ಸ್ ಹೊಡ್ದದ್ದಾ ಎಂತ ಕತೆ?" ಎಂದಳು.

ಎರಡನೇ ರೋಲು ನನ್ನ ಹತ್ತಿರ ಇದ್ದ ಕೊನೆಯದು. ಹೊಸದು ಕೊರಿಯರಿನಲ್ಲಿ ಬರಬೇಕು, ಭಾನುವಾರದೊಳಗೆ ಬರುವುದಿಲ್ಲ. ಅದರಲ್ಲೂ ಮೂವತ್ತನಾಲ್ಕು ಮುಗಿಸಿದ್ದೆ. ಮನೆಯಂಗಳದಲ್ಲಿ, ತೆಂಗಿನ ಕಟ್ಟೆಯಲ್ಲಿ, ಮೀನು ಅಳೆಯುವಾಗ, ಎಲೆ ಅಡಿಕೆ ಹಾಕುವಾಗ. ಪ್ರತಿ ಸಲವೂ ಅವರೇ "ಮುಚ್ದೆ" ಎಂದು ಹೇಳಿಬಿಡುತ್ತಿದ್ದರು. ತೊಳೆದು ನೋಡುವ ಕೆಲಸವೂ ಇರಲಿಲ್ಲ. ಗುರುವಾರ ಬಂತು. ಉಳಿದದ್ದು ಎರಡೇ ಫೋಟೋ, ಮೂರೇ ದಿನ.

ಗುರುವಾರ ಬೆಳಿಗ್ಗೆ ಕೋಡಿಯ ಹೊಸ ಕಟ್ಟಡದಲ್ಲಿ ಒಂಬತ್ತರಲ್ಲಿ ಬದುಕಿರುವ ಆರೂ ಜನ ಸೇರಿದ್ದರು. ಕಿಟಕಿ ಒರೆಸುವುದು, ಚಪ್ಪರದ ಲೆಕ್ಕಾಚಾರ, ಯಾರ ಸೀರೆ ಯಾವ ಬಣ್ಣ ಎನ್ನುವ ಜಗಳ. ಸರೋಜಕ್ಕ ನನ್ನನ್ನು ಕಂಡವರೇ ತಲೆ ಅಲ್ಲಾಡಿಸಿದರು.

"ಸಾಕ್ ರಾಜಣ್ಣ. ನಂದೊಂದ್ ಜಾಗ ಖಾಲಿ ಬಿಡುಕ್ ಹೇಳಿದ್ದೆ. ಮೊಳೆ ಹೊಡ್ದಿರ್ಲಿ. ಎಂಟ್ ಫೋಟೊ, ಒಂದ್ ಮೊಳೆ."

ತಮಾಷೆಯ ದನಿಯಲ್ಲೇ ಹೇಳಿದರು. ಆದರೆ ಹೇಳಿದವರು ಕಿಟಕಿಯ ಕಡೆ ತಿರುಗಿ, ಒರೆಸಿದ ಗಾಜನ್ನೇ ಮತ್ತೆ ಒರೆಸಿದರು. ಒಳಗೆ ಎದುರು ಗೋಡೆಯ ಮೇಲೆ ಸಾಲಾಗಿ ಒಂಬತ್ತು ಮೊಳೆ ಹೊಡೆದಿತ್ತು. ನಡುವಿನದು ಅವರದ್ದು.

"ಇವತ್ತೊಂದ್ ಸಲ ಕಾಂಬ ಸರೋಜಕ್ಕ," ಎಂದೆ.

ಆಗ ವನಜ ನಡುವೆ ಬಂದರು. ವನಜ ಸಂಘದ ಕಾರ್ಯದರ್ಶಿ. ಬೈಂದೂರು ಕಡೆಯಿಂದ ಮದುವೆಯಾಗಿ ಬಂದವರು, ದನಿ ಅಲೆಗಿಂತ ಮೇಲೆ. "ಅವ್ಳದ್ದ್ ಆಪುದಲ್ಲ ಹೋಪುದಲ್ಲ. ಆರೂ ಜನ ಇವತ್ತ್ ಸಿಕ್ಕಿತ್ತ್. ನಮ್ಮದೊಂದ್ ಗ್ರೂಪ್ ಫೋಟೊ ತೆಗೀನಿ ಮೊದ್ಲ್," ಎಂದರು.

ಬೇಡ ಎನ್ನುವ ಧೈರ್ಯ ನನಗಿರಲಿಲ್ಲ. ಒಂದು ಗ್ರೂಪಿಗೆ ಹೋದರೂ ಒಂದು ಉಳಿಯುತ್ತದಲ್ಲ ಎಂದುಕೊಂಡೆ. ಗೋಡೆಯ ನೆರಳಿನಲ್ಲಿ ಮೂರು ಮೀನಿನ ಬಾಕ್ಸು ಕವುಚಿ ಹಾಕಿ ಮೂವರು ಕೂತರು, ಹಿಂದೆ ಮೂವರು ನಿಂತರು. ಎದುರು ಸಾಲಿನ ನಡುವೆ ಸರೋಜಕ್ಕ, ಅವರ ಬಲಕ್ಕೆ ವನಜ.

ಗ್ರೂಪಿಗೆ ಐವತ್ತರ ಲೆನ್ಸು ಬೇಕು. ಕ್ಯಾಮೆರಾದಲ್ಲಿ ಇದ್ದದ್ದು ಎಂಬತ್ತೈದು. ಸರಿ ಎಂದು ಮೇಲಿನ ಪುಟ್ಟ ಕಿಟಕಿಯನ್ನು ಬಿಚ್ಚಿ ಅಂಗಿ ಜೇಬಿಗೆ ಹಾಕಿದೆ. ಲೆನ್ಸು ತಿರುಗಿಸಿ ತೆಗೆಯುವಾಗ ಗೀರು ಬೀಳಬಾರದೆಂದು ಅದಕ್ಕೆ ಮುಚ್ಚಳ ಒತ್ತಿದೆ. ಇನ್ನೇನು ಲೆನ್ಸು ತಿರುಗಿಸಬೇಕು.

"ಹ್ವಾಯ್ ರಾಜಣ್ಣ! ನನ್ ಸೆರಗ್ ಸಮ ಇತ್ತಾ ಕಾಣಿ! ಇವ್ಳ್ ಎಳೂದ್ ಎಳೂದೇ!"

ಕೂಗಿದ್ದು ವನಜಕ್ಕ. ಹೋಗಿ ನೋಡಿದೆ. ಸಮ ಇತ್ತು. ಹಿಂದೆ ನಿಂತವರೊಬ್ಬರು ನಾನು ಕಾಣುತ್ತೇನಾ ಎಂದರು. ಅವರನ್ನು ಅರ್ಧ ಅಡಿ ಸರಿಸಿದೆ. ಅಷ್ಟರಲ್ಲಿ ಸರೋಜಕ್ಕ, "ಬೇಗ ತೆಗೀನಿ ಮಾರಾಯ್ರೆ, ಮಾರ್ಕೆಟ್ಟಂಗ್ ಐಸ್ ಕರ್ಗತ್, ನಿಮ್ ಫೋಟೊಕ್ಕ್ ಕಾದ್ರೆ ನನ್ ಬಂಗುಡಿ ಈಜುಕ್ ಶುರು ಮಾಡತ್" ಎಂದರು. ನಾನು ಓಡಿ ಬಂದು ಹತ್ತು ಅಡಿ ದೂರದಲ್ಲಿ ನಿಂತು ಕ್ಯಾಮೆರಾದ ಕಿಟಕಿಯಲ್ಲಿ ಇಣುಕಿದೆ. ಆರೂ ಜನ ಅಚ್ಚುಕಟ್ಟಾಗಿ ಒಳಗಿದ್ದರು. ಹಳದಿ ಚುಕ್ಕೆಯಲ್ಲಿ ಸರೋಜಕ್ಕನ ಎರಡು ಮೂಗುತಿ ಒಂದಾಯಿತು. ನೆರಳಾದರೂ ಸುತ್ತಲಿನ ಬಿಸಿಲಿನ ಹೊಳಪು ಚೆನ್ನಾಗಿದ್ದುದರಿಂದ ಲೆನ್ಸಿನ ಬಾಯಿಯನ್ನು ಮೊದಲೇ ಸಣ್ಣ ಮಾಡಿದ್ದೆ, ಫೋಕಸ್ ಸ್ವಲ್ಪ ಆಚೀಚೆ ಆದರೂ ತೊಂದರೆ ಇಲ್ಲ. ಉಸಿರು ಹಿಡಿದು ಒತ್ತಿದೆ.

ಚಿಟ್.

"ಮುಚ್ದೆ," ಎಂದರು ಸರೋಜಕ್ಕ.

ಕಣ್ಣು ಬಿಟ್ಟವರು ನನ್ನನ್ನು ನೋಡಿದರು. ನನ್ನನ್ನಲ್ಲ, ಕ್ಯಾಮೆರಾವನ್ನು. ತಲೆ ಸ್ವಲ್ಪ ಮುಂದೆ ಮಾಡಿ ಇನ್ನೊಂದು ಸಲ ನೋಡಿದರು. ಆಮೇಲೆ ಅವರ ಹೊಟ್ಟೆಯಿಂದ ಎಂಥದೋ ಒಂದು ಸದ್ದು ಹೊರಟಿತು.

"ವನಜಾ! ಕಾಣ್ ಕಾಣ್! ಇಷ್ಟ್ ದಿನ ನಾನ್ ಕಣ್ ಮುಚ್ತಿದ್ದೆ, ಇವತ್ತ್ ರಾಜಣ್ಣನ್ ಕ್ಯಾಮ್ರವೇ ಕಣ್ ಮುಚ್ಕಂಡ್ ಕೂತಿತ್!"

ಮುಚ್ಚಳ! ಕರ್ರಗೆ, ಗುಂಡಗೆ, ಲೆನ್ಸಿನ ಮುಖದ ಮೇಲೆ ಕೂತೇ ಇತ್ತು.

ಆರು ಜನ ಮೀನು ಮಾರುವ ಹೆಂಗಸರು ಒಟ್ಟಿಗೆ ನಗುವುದನ್ನು ನೀವು ಕೇಳಿರಲಿಕ್ಕಿಲ್ಲ. ಹಿಂದಿನವರು ಮುಂದಿನವರ ಹೆಗಲಿಗೆ ಬಿದ್ದರು. ವನಜ ಸೆರಗಿನಲ್ಲಿ ಕಣ್ಣೊರೆಸಿಕೊಂಡು, "ಎಪ್ಪತ್ತ್ ಫೋಟೊದ್ ಸೇಡ್ ತೀರ್ಸ್ಕಂಡ್ಯಲ್ಲೆ ಹೆಣ್ಣೆ" ಎಂದರು. ನನಗೆ ನಾಚಿಕೆಯಾಗಿ ಮುಚ್ಚಳವನ್ನು ಕಿತ್ತು ಜೇಬಿಗೆ ತುರುಕಿದೆ, ರೋಲಿನ ಗುಂಡಿ ಗರಗರ ತಿರುಗಿಸಿದೆ. ಸರೋಜಕ್ಕ ಕೈ ಚಾಚಿ, ತೋರುಬೆರಳು ನನ್ನತ್ತ ಹಿಡಿದು ಇನ್ನೂ ಹೇಳುತ್ತಲೇ ಇದ್ದರು: "ತೆಗೀನಿ ತೆಗೀನಿ, ಈಗ್ಳ್ ತೆಗೀನಿ, ಈಗ್ಳಾರೂ ಅದಕ್ ಕಣ್ ಕಾಂತಾ ಕಾಂಬ!"

ತೆಗೆದೆ.

ಗುಂಡಿ ಮತ್ತೆ ತಿರುಗಲಿಲ್ಲ. ರೋಲು ಮುಗಿದಿತ್ತು.

"ಈ ಸಲ ಮುಚ್ಲಿಲ್ಲೆ ಕಾಣತ್," ಎಂದು ಸರೋಜಕ್ಕ ತಮಗೆ ತಾವೇ ಎಂಬಂತೆ ಹೇಳಿದರು. ನಂತರ ನನ್ನ ಹತ್ತಿರ ಬಂದು, ಮೆಲ್ಲಗೆ, "ಇದ್ರಂಗ್ ನನ್ನೊಬ್ಳನ್ನೇ ಕತ್ತರ್ಸಿ ತೆಗುಕ್ ಆತ್ತಾ?" ಎಂದರು.

"ಆತ್ತ್ ಸರೋಜಕ್ಕ. ಎಂತಕ್ಕ್ ಆತ್ತಿಲ್ಲೆ?"

ಬಾಯಿಯಲ್ಲಿ ಹೇಳಿದೆ. ಆದರೆ ಮನಸ್ಸಿನಲ್ಲಿ ಲೆಕ್ಕ ಬೇರೆಯೇ ಇತ್ತು. ಐವತ್ತರ ಲೆನ್ಸಿನ ಗ್ರೂಪಿನಲ್ಲಿ ಒಂದು ಮುಖ ಎಂದರೆ ಕುಸುಬಲಕ್ಕಿಯ ಕಾಳಿನಷ್ಟು. ಅದನ್ನು ಗೋಡೆಯ ಚೌಕಟ್ಟಿನಷ್ಟು ದೊಡ್ಡದು ಮಾಡಿದರೆ ಸರೋಜಕ್ಕನ ಬದಲು ಮರಳು ಕಾಣುತ್ತದೆ.

ಅಂಗಡಿಗೆ ಬಂದು ಚೀಲ ಬಿಚ್ಚಿದೆ. ಐವತ್ತರ ಲೆನ್ಸು ತನ್ನ ಡಬ್ಬಿಯಲ್ಲಿ ಬೆಚ್ಚಗೆ ಮಲಗಿತ್ತು. ಅದನ್ನು ನಾನು ಹೊರಗೆ ತೆಗೆದೇ ಇರಲಿಲ್ಲ. ವನಜಕ್ಕನ ಸೆರಗು ನೋಡಲು ಹೋದವನು ಲೆನ್ಸು ಬದಲಿಸುವುದನ್ನೇ ಮರೆತು, ಎಂಬತ್ತೈದನ್ನೇ ಇಟ್ಟುಕೊಂಡು, ಐವತ್ತರ ಕಿಟಕಿಯಲ್ಲಿ ನೋಡಿ ಒತ್ತಿದ್ದೆ. ಕಿಟಕಿಯಲ್ಲಿ ಆರು ಜನ ಕಂಡಿದ್ದರು. ಲೆನ್ಸು ಎಷ್ಟು ಜನರನ್ನು ಕಂಡಿತ್ತೋ ದೇವರಿಗೇ ಗೊತ್ತು. ಪಕ್ಕದ ಮನೆಯ ಕಿಟಕಿಯಲ್ಲಿ ಹಣಕಿದವನ ಪಾಡು.

ಊಟ ಬಿಟ್ಟು ಬಚ್ಚಲು ಸೇರಿದೆ. ಕರಿ ಚೀಲದೊಳಗೆ ಕೈ ತೂರಿಸಿ ರೋಲನ್ನು ಡಬ್ಬಿಗೆ ಸುತ್ತಿದೆ, ಮದ್ದು ಹೊಯ್ದೆ, ಗಡಿಯಾರ ನೋಡುತ್ತಾ ಡಬ್ಬಿ ಅಲ್ಲಾಡಿಸಿದೆ. ಹೊರಗಿನಿಂದ ಸೌಮ್ಯಶ್ರೀ, "ಕುಡುಕ್ ಎಂತಾರೂ ಬೇಕಾ, ಅಲ್ಲ ಅದನ್ನೇ ಕುಡಿತ್ರ್ಯಾ?" ಎಂದಳು. ತೊಳೆದು ಎತ್ತಿ ಹಿಡಿದೆ. ಮೂವತ್ತನಾಲ್ಕು ಮುಚ್ಚಿದ ಕಣ್ಣು. ಮೂವತ್ತೈದನೆಯದು ಏನೂ ಇಲ್ಲದ ಬರಿ ಗಾಜು, ಮುಚ್ಚಳದ ಫೋಟೋ. ಮೂವತ್ತಾರನೆಯದರಲ್ಲಿ ಏನೋ ಇತ್ತು. ನೆಗೆಟಿವಿನಲ್ಲಿ ಎಲ್ಲ ತಿರುವುಮುರುವು, ಕಪ್ಪು ಬಿಳಿ, ಬಿಳಿ ಕಪ್ಪು; ಕಣ್ಣು ತೆರೆದಿದೆಯೋ ಮುಚ್ಚಿದೆಯೋ ತಿಳಿಯದು. ಒಣಗುವವರೆಗೆ ಫ್ಯಾನಿನ ಕೆಳಗೆ ನಿಂತೆ. ಸ್ಕ್ಯಾನರಿಗೆ ಹಾಕಿದೆ.

ಸ್ಕ್ರೀನಿನ ಮೇಲೆ ಮೇಲಿನಿಂದ ಕೆಳಗೆ ಮೆಲ್ಲ ಮೆಲ್ಲ ಬಂತು. ಮೊದಲು ಹಿಂದೆ ನಿಂತವರ ಸೀರೆ. ತಲೆ ಇಲ್ಲ, ಬರಿ ಸೀರೆ ಮತ್ತು ಹೊಟ್ಟೆ. ಎಡಗಡೆ ವನಜಕ್ಕನ ಒಂದು ಕಿವಿ, ಒಂದು ಕೆನ್ನೆ, ಸಮ ಇದ್ದ ಸೆರಗು. ಬಲಗಡೆ ಯಾರದೋ ಬಳೆ ತೊಟ್ಟ ಕೈ. ಉಳಿದ ಅಷ್ಟೂ ಜಾಗದ ತುಂಬ ಸರೋಜಕ್ಕ. ಮುಂದಕ್ಕೆ ಬಾಗಿದ್ದಾರೆ. ಬಾಯಿ ದೊಡ್ಡದಾಗಿ ತೆರೆದಿದೆ, ಮೇಲಿನ ಸಾಲಿನಲ್ಲಿ ಒಂದು ಹಲ್ಲಿಲ್ಲದ್ದು ಕಾಣುತ್ತಿದೆ. ಬೆರಳು ನನ್ನ ಕಡೆ. ಬೆರಳ ತುದಿ ಸ್ವಲ್ಪ ಮಂಜು, ಮೂಗುತಿ ಚೂಪು, ಮೂಗು ಮೂಗಿನ ಜಾಗದಲ್ಲಿ.

ಕಣ್ಣು ಎರಡೂ ತೆರೆದಿವೆ. ಬುಟ್ಟಿಯ ಹಿಂದಿನಿಂದ ಇಡೀ ಮಾರ್ಕೆಟ್ಟನ್ನು ನೋಡುವ ಅದೇ ಕಣ್ಣು.

"ಸೌಮ್ಯಾ!" ಎಂದು ಕೂಗಿದ ದನಿಗೆ ಪಕ್ಕದ ಬೇಕರಿಯವರೂ ಬಂದರು.

ಸೌಮ್ಯಶ್ರೀ ನೋಡಿದಳು, ನಕ್ಕಳು, ಆಮೇಲೆ ಹೆಂಗಸರ ಪ್ರಶ್ನೆ ಕೇಳಿದಳು: "ಹಲ್ಲಿಲ್ಲದ್ದ್ ಕಾಣತ್. ಅವ್ರ್ ಒಪ್ತ್ರಾ?"

ಅದನ್ನು ನಾನು ಯೋಚಿಸಿರಲಿಲ್ಲ. ಉಳಿದ ಎಂಟು ಫೋಟೋಗಳಿಗೆ ಚೌಕಟ್ಟು ಹಾಕಿದವನು ನಾನೇ. ಎಂಟೂ ಜನ ಗಂಭೀರವಾಗಿ, ತುಟಿ ಬಿಗಿದು, ನೆಟ್ಟಗೆ ಕೂತವರು. ಅವರ ನಡುವೆ ಇದು ಹೇಗೆ?

ಶುಕ್ರವಾರ ಬೆಳಿಗ್ಗೆ ದೊಡ್ಡದು ಮಾಡಿದ ಫೋಟೋವನ್ನು ಪೇಪರಿನಲ್ಲಿ ಸುತ್ತಿಕೊಂಡು ಮಾರ್ಕೆಟ್ಟಿಗೆ ಹೋದೆ. ವನಜಕ್ಕನೂ ಅಲ್ಲೇ ಇದ್ದರು. ಮೊದಲು ಅವರೇ ಬಿಡಿಸಿ ನೋಡಿದರು.

"ನನ್ನ್ ಮುಖ ಎಲ್ಲಿತ್ತ್?"

"ಕಿವಿ ಇತ್ತಲ ವನಜಕ್ಕ," ಎಂದೆ.

"ಗ್ರೂಪ್ ಫೋಟೊಕ್ಕ್ ಪೌಡ್ರ್ ಹಾಯ್ಕಂಡ್ ಬಂದದ್ದ್ ನಾನ್. ಕಿವಿ ಇತ್ತ್ ಅಂಬ್ರ್! ಕಿವಿಗ್ ಪೌಡ್ರ್ ಹಾಕಿದ್ನಾ?" ಎಂದವರು ಮತ್ತೆ ಫೋಟೋ ನೋಡಿದರು. "ಅಲ್ಲ, ಇದ್ ಗೋಡಿ ಮೇಲೆ ಹಾಕುಕ್ ಆತ್ತಾ? ಉಳ್ದವರೆಲ್ಲ ಕಛೇರಿಗ್ ಹೋಪವ್ರ್ ಕಂಡಂಗಿದ್ರ್. ಇವ್ಳ್ ಮಾತ್ರ ಜಗಳಕ್ಕ್ ಬಂದವ್ಳ್ ಕಂಡಂಗೆ."

ಸರೋಜಕ್ಕ ಕೈಯಲ್ಲಿದ್ದ ಮೀನು ಕೆಳಗಿಟ್ಟು, ನೀರಿನಲ್ಲಿ ಕೈ ಅದ್ದಿ, ಸೆರಗಿಗೆ ಒರೆಸಿ, ಫೋಟೋವನ್ನು ಅಂಚಿನಲ್ಲಿ ಮಾತ್ರ ಹಿಡಿದುಕೊಂಡರು. ದೂರ ಹಿಡಿದರು. ಹತ್ತಿರ ತಂದರು. ಒಬ್ಬ ಗಿರಾಕಿ ಬಂದು ಬಂಗುಡೆ ಹೇಗೆ ಎಂದು ಕೇಳಿದ. ಅವರು ತಲೆಯೆತ್ತಲಿಲ್ಲ. ಆ ಮಾರ್ಕೆಟ್ಟಿನಲ್ಲಿ ಹಾಗಾದದ್ದು ಅದೇ ಮೊದಲಿರಬೇಕು.

"ನಾನ್ ಹೀಂಗಿದ್ನಾ?" ಎಂದರು.

"ಹೀಂಗೇ ಇಪ್ಪುದ್ ನೀವ್," ಎಂದೆ.

"ದಿನಾ?"

"ದಿನಾ ಹೀಂಗೇ. ನೀ ಕಂಡಿಲ್ಲೆ ಅಷ್ಟೇ," ಎಂದರು ವನಜಕ್ಕ. ದನಿ ಸ್ವಲ್ಪ ಇಳಿದಿತ್ತು.

ಸರೋಜಕ್ಕ ನಾಲಿಗೆಯ ತುದಿಯಿಂದ ಇಲ್ಲದ ಹಲ್ಲಿನ ಜಾಗವನ್ನು ಮುಟ್ಟಿ ನೋಡಿಕೊಂಡರು. ಒಂದು ಗಳಿಗೆ ನನಗೆ ಮತ್ತೆ ಆ ಖಾಲಿ ಮೊಳೆ ಕಣ್ಣ ಮುಂದೆ ಬಂತು.

"ಹಲ್ಲ್ ಹೋದದ್ ಎಲ್ಲರಿಗೂ ಗೊತ್ತಿತ್ತ್. ಹೊಸ ಸುದ್ದಿ ಎಂತ ಅಲ್ಲ," ಎಂದರು ಕೊನೆಗೆ. "ಕಣ್ ಇತ್ತಲ. ಇದನ್ನೇ ಹಾಕಿ. ಜಗಳಕ್ಕ್ ಬಂದವ್ಳ್ ಕಂಡಂಗಿರ್ಲಿ ವನಜ. ಆ ಜಾಗ ಜಗಳ ಮಾಡ್ದೆ ಸಿಕ್ಕಿತ್ತಾ?"

ವನಜಕ್ಕ ಫೋಟೋವನ್ನು ಮತ್ತೆ ಪೇಪರಿನಲ್ಲಿ ಸುತ್ತಿ ನನ್ನ ಕೈಗೆ ಕೊಟ್ಟರು.

ಭಾನುವಾರ ಕೋಡಿಯಲ್ಲಿ ಚಪ್ಪರ, ಮೈಕು, ಅವಲಕ್ಕಿ, ಬಾಳೆಹಣ್ಣು. ಗೋಡೆಯ ಮೇಲೆ ಒಂಬತ್ತು ಫೋಟೋ. ಎಂಟು ಜನ ನೆಟ್ಟಗೆ ಮುಂದೆ ನೋಡುತ್ತಿದ್ದಾರೆ, ನಡುವೆ ಒಬ್ಬರು ಬೆರಳು ತೋರಿಸಿ ಬಿದ್ದು ಬಿದ್ದು ನಗುತ್ತಿದ್ದಾರೆ. ಬಾಗಿಲಿನಿಂದ ಒಳಗೆ ಬಂದವರೆಲ್ಲ ಮೊದಲು ಏನು ಮಾಡುತ್ತಿದ್ದರು ಗೊತ್ತೇ? ಆ ಬೆರಳನ್ನು ಕಂಡು, ತಟ್ಟನೆ ನಿಂತು, ತಮ್ಮ ಅಂಗಿಯ ಗುಂಡಿ ನೋಡಿಕೊಳ್ಳುತ್ತಿದ್ದರು. ಹೆಂಗಸರು ಸೆರಗು ಮುಟ್ಟಿ ನೋಡಿಕೊಳ್ಳುತ್ತಿದ್ದರು. ಉದ್ಘಾಟನೆಗೆ ಬಂದ ಅಧಿಕಾರಿ ದೀಪ ಹಚ್ಚುವ ಮೊದಲು ಎರಡು ಸಲ ಮೀಸೆ ಒರೆಸಿಕೊಂಡರು. ಕಾರಣ ತಿಳಿದ ಮೇಲೆ ಎಲ್ಲರೂ ನಗುತ್ತಾ ಮುಂದೆ ಹೋಗುತ್ತಿದ್ದರು. ಹೂ ಹಾಕುವವರಿಗೆ ಗೊಂದಲವೇ ಆಗಲಿಲ್ಲ. ತೀರಿಹೋದ ಮೂವರಿಗೆ ಸರಿಯಾಗಿ ಹಾಕಿದರು.

ಬಚ್ಚ ಮಾವ ಬಾರ್ಕೂರಿನಿಂದ ರಿಕ್ಷಾ ಮಾಡಿಕೊಂಡು ಬಂದಿದ್ದರು. ಕೋಲು ಊರಿ ಫೋಟೋದ ಮುಂದೆ ನಿಂತರು. ತಾವೂ ಒಮ್ಮೆ ಅಂಗಿಯ ಗುಂಡಿ ನೋಡಿಕೊಂಡರು.

"ಎಂತಕ್ಕ್ ಇವ್ಳ್ ಈ ನಮೂನಿ ನೆಗಾಡುದ್?"

ಹೇಳದೆ ಇದ್ದೇನೆಯೇ? ಮುಚ್ಚಳ, ಲೆನ್ಸು, ಕಿಟಕಿ, ಎಲ್ಲ ಹೇಳಿದೆ. ಮಾವ ಕೋಲಿನಿಂದ ನನ್ನ ಕಾಲಿಗೆ ಮೆಲ್ಲಗೆ ಒಂದು ಬಿಟ್ಟರು. ಆಮೇಲೆ ತಿರುಗಿ, ಫೋಟೋಕ್ಕೆ ಮುಖ ಹತ್ತಿರ ಮಾಡಿ ಮೂಗುತಿ ನೋಡಿದರು. "ಫೋಕಸ್ ಲಾಯ್ಕಿತ್ತ್," ಎಂದರು.

ಊಟದ ಮೊದಲು ವನಜಕ್ಕ ಬಿಡಲಿಲ್ಲ. ಪೌಡರು ಹಾಕಿಕೊಂಡೇ ಬಂದಿದ್ದರು. ಮಾವ ತಮ್ಮ ಪೆಟ್ಟಿಗೆಯಲ್ಲಿ ಉಳಿದಿದ್ದ ಒಂದು ಹಳೇ ರೋಲು ತಂದಿದ್ದರು. ಈ ಸಲ ನಾನು ಐವತ್ತರ ಲೆನ್ಸನ್ನೇ ಹಾಕಿ, ಹಾಕಿದ್ದನ್ನು ಮಾವನಿಗೆ ತೋರಿಸಿ, ಮೊದಲಿನಂತೆ ಮೀನಿನ ಬಾಕ್ಸು ಹಾಕಿ ಸೇರಿದ ಆರು ಜನರ ಮುಂದೆ ನಿಂತೆ. ನಾನು ಕ್ಯಾಮೆರಾ ಎತ್ತುವಷ್ಟರಲ್ಲಿ ಆರೂ ಜನ, ಅವರ ಹಿಂದೆ ಅವಲಕ್ಕಿ ತಿನ್ನುತ್ತಿದ್ದ ಇಡೀ ಚಪ್ಪರ, ಒಂದೇ ದನಿಯಲ್ಲಿ ಕೂಗಿತು.

"ಮುಚ್ಚಳಾ!"

ಮುಚ್ಚಳ ನನ್ನ ಜೇಬಿನಲ್ಲಿತ್ತು. ತೆಗೆದು ಎಲ್ಲರಿಗೂ ತೋರಿಸಿದೆ. ನಗುವಿನ ನಡುವೆ ಒತ್ತಿದೆ.

"ಮುಚ್ದೆ," ಎಂದರು ಸರೋಜಕ್ಕ.

"ಇನ್ನೊಂದ್ ತೆಗಿತೆ ಸರೋಜಕ್ಕ, ಕೂಕಣಿ."

"ಎಂತಕ್ಕೆ?" ಎಂದು ಅವರು ಆಗಲೇ ಬಾಕ್ಸಿನಿಂದ ಎದ್ದು ಸೀರೆ ಕೊಡವುತ್ತಿದ್ದರು. "ಇದ್ರಂಗೊಂದ್ ಸ್ವಲ್ಪ ಮನಿಕಂತೆ. ಗೋಡಿ ಮೇಲೆ ಎಚ್ಚರ ಇದ್ನಲ!"